ಗುಡಿಸುವ ಮುನ್ನ ಒಮ್ಮೆ ಓದಬೇಕು

ಮನೆಯ ಗಣಕಯಂತ್ರಕ್ಕೆ ಅಂಟಿದ್ದ ಕುತಂತ್ರಾಂಶವನ್ನು ತೆಗೆಸಿ, ಯಂತ್ರವನ್ನು ಮರಳಿ ಮೇಜಿನ ಮೇಲಿಟ್ಟ ಸಂಜೆ, ನಮ್ಮ ಅವ್ವ ಅದರ ಮುಂದೆ ಕುಳಿತು ಕೇಳಿದ್ದು ಒಂದೇ ಮಾತು: "ನನ್ನ ಹಾಡು ಎಲ್ಲಿ ಅದಾವು?" ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಯಂತ್ರವೇನೋ ಚುರುಕಾಗಿತ್ತು. ಪರದೆಯ ಮೇಲೆ ತಾನಾಗಿ ತೆರೆದುಕೊಳ್ಳುತ್ತಿದ್ದ ಜಾಹೀರಾತುಗಳು ಮಾಯವಾಗಿದ್ದವು. ಹಾಡುಗಳಿದ್ದ ಫೋಲ್ಡರ್ ಮಾತ್ರ ಬರಿದಾಗಿತ್ತು. ವೈರಸ್ ಅವನ್ನು ಮುಟ್ಟಿರಲಿಲ್ಲ. ಅದು ಹೋದ ಮೇಲೆ ನಡೆದ ಶುಚಿಕಾರ್ಯದಲ್ಲಿ, ನಮ್ಮದೇ ಒಪ್ಪಿಗೆಯ ಮೇರೆಗೆ, ಹಾಡುಗಳು ಕಸವೆಂದು ಹೊರಗೆ ಹೋಗಿದ್ದವು.

ಈ ಲೇಖನದಲ್ಲಿ ನಾವು ಹೇಳಹೊರಟಿರುವ ಅಭಿಪ್ರಾಯ ಈ ನಷ್ಟದಿಂದ ಹುಟ್ಟಿದ್ದು. ಕುತಂತ್ರಾಂಶವನ್ನು ತೆಗೆಯುವ ಕೆಲಸವನ್ನು ಬಲ್ಲವರಿಗೆ ವಹಿಸಬಹುದು, ವಹಿಸಲೂಬೇಕು. ಆದರೆ ತೆಗೆದ ನಂತರ ಮನೆಯ ಯಂತ್ರದಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ಆ ಯಂತ್ರದಲ್ಲಿರುವುದನ್ನು ಓದಬಲ್ಲವರದೇ ಆಗಬೇಕು. ಕನ್ನಡ ನಾಡಿನ ಹೊರಗೆ ಬಾಳುವ ನಮ್ಮಂಥವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ನಾವಿರುವುದು ಕೊಂಡಪಲ್ಲಿಯಲ್ಲಿ. ವಿಜಯವಾಡಕ್ಕೆ ಅಂಟಿಕೊಂಡಂತಿರುವ ಈ ಊರು ಬಣ್ಣದ ಮರದ ಗೊಂಬೆಗಳಿಗೆ ಹೆಸರಾದದ್ದು. ಬೆಟ್ಟದ ಮೇಲಿನ ಕೋಟೆ ಕೃಷ್ಣದೇವರಾಯನ ಕಳಿಂಗ ದಂಡಯಾತ್ರೆಯಲ್ಲಿ ವಿಜಯನಗರದ ವಶವಾದದ್ದೆಂಬುದನ್ನು ಚರಿತ್ರೆಯ ಓದುಗರು ಬಲ್ಲರು. ಪಕ್ಕದ ಇಬ್ರಾಹಿಂಪಟ್ಟಣದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಗುತ್ತಿಗೆ ಕೆಲಸ ನಮ್ಮ ಅಪ್ಪನನ್ನು ರಾಯಚೂರು ಸೀಮೆಯಿಂದ ಇಲ್ಲಿಗೆ ಕರೆತಂದಿತು. ನಮ್ಮೂರಿನ ಬದಿಯಲ್ಲಿ ಹರಿಯುವ ಕೃಷ್ಣೆಯೇ ಇಲ್ಲಿಯೂ ಹರಿಯುತ್ತಾಳೆಂಬುದು ಅವ್ವ ತನಗೆ ತಾನೇ ಹೇಳಿಕೊಂಡ ಸಮಾಧಾನ. ಹೊಳೆ ಒಂದೇ ಆದರೂ ದಂಡೆಯ ಮಾತು ಬೇರೆ. ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲವೂ ತೆಲುಗಿನಲ್ಲಿ ನಡೆಯುವ ಊರಿನಲ್ಲಿ ಕನ್ನಡ ಮನೆಯ ಹೊಸ್ತಿಲೊಳಗಿನ ಭಾಷೆಯಾಯಿತು. ಆ ಹೊಸ್ತಿಲೊಳಗೆ ಅಪ್ಪ ಒಂದು ಕೆಲಸ ಮಾಡಿದರು. ಅವ್ವ ತನ್ನ ತವರಿನಿಂದ ನೆನಪಿನಲ್ಲಿ ಹೊತ್ತು ತಂದಿದ್ದ ಬೀಸುವ ಪದ, ಸೋಬಾನೆ ಪದ, ಜೋಗುಳಗಳನ್ನು ಅವಳ ಬಾಯಿಂದ ಕೇಳಿ, ಒಂದೊಂದಾಗಿ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದರು. ನಿವೃತ್ತಿಯ ನಂತರದ ಆರೇಳು ವರ್ಷಗಳ ಸಂಜೆಗಳು ಅದರಲ್ಲಿ ಕಳೆದವು. ಅಪ್ಪ ತೀರಿಕೊಂಡಾಗ ಸುಮಾರು ಮುನ್ನೂರು ಹಾಡುಗಳು ಆ ಯಂತ್ರದಲ್ಲಿದ್ದವು.

ಆ ಹಾಡುಗಳಲ್ಲಿ ಕೆಲವನ್ನು ಚಿಕ್ಕ ಪುಸ್ತಕವಾಗಿಸುವ ಆಸೆಯಿಂದ ಊರಿಗೆ ಹೋದಾಗ ಡಿಟಿಪಿ ಅಂಗಡಿಯೊಂದಕ್ಕೆ ಪೆನ್‌ಡ್ರೈವ್ ಕೊಂಡೊಯ್ದೆವು. ಮರಳಿ ಬಂದು ಅದನ್ನು ಮನೆಯ ಯಂತ್ರಕ್ಕೆ ಸಿಕ್ಕಿಸಿದಂದಿನಿಂದ ತೊಂದರೆ ಶುರುವಾಯಿತು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಾಣತೊಡಗಿದವು. ಒತ್ತಿದರೆ ಒಂದು ಕಪ್ಪು ಕಿಟಕಿ ಕ್ಷಣ ಮಾತ್ರ ಮಿಂಚಿ ಮರೆಯಾಗುತ್ತಿತ್ತು. ವಿಜಯವಾಡದ ದುರಸ್ತಿ ಅಂಗಡಿಯ ಹುಡುಗ ಶ್ರದ್ಧೆಯುಳ್ಳವನು. ನಮ್ಮ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿ, ವೈರಸ್ಸನ್ನು ಪತ್ತೆಮಾಡಿ ತೆಗೆದ. ನಂತರ ಫೋನ್ ಮಾಡಿ, "ಅಕ್ಷರಾಲು ಪಾಡೈಪೋಯಾಯಿ ಸಾರ್, ತೀಸೇಯಮಂಟಾರಾ?" ಎಂದು ಕೇಳಿದ. ಅಕ್ಷರಗಳು ಕೆಟ್ಟುಹೋಗಿವೆ, ತೆಗೆದುಬಿಡಲೇ ಎಂದು ಅವನ ಪ್ರಶ್ನೆ. ಕಚೇರಿಯ ಗಡಿಬಿಡಿಯಲ್ಲಿದ್ದ ನಾವು ತೆಗೆದುಬಿಡು ಎಂದೆವು. ಯಾವ ಅಕ್ಷರ, ಯಾವ ಕಡತ ಎಂದು ಕೇಳಲಿಲ್ಲ. ತಪ್ಪು ಆ ಹುಡುಗನದಲ್ಲ. ಅವನು ಕೇಳಿಯೇ ಅಳಿಸಿದ್ದ.

ಅವನಿಗೆ ಕಂಡದ್ದೇನೆಂದು ತಿಳಿದರೆ ಅವನ ಅನುಮಾನ ಸಹಜವೆಂದು ಓದುಗರಿಗೂ ಅನ್ನಿಸೀತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯಾಗಲಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವಾಗಲಿ ಆ ಕಾಲದಲ್ಲಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಕೇತವಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ 'ನುಡಿ'ಯ 'ಕನ್ನಡ' ಎಂಬ ಪದವನ್ನು ತೆರೆದರೆ ಒಂದು ಇಂಗ್ಲಿಷಿನ 'ಪಿ', ತಲೆಯ ಮೇಲೆ ಓರೆಗೆರೆಯ 'ಎ', ನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ, ಅದರಾಚೆ ಜರ್ಮನ್ ಭಾಷೆಯ ಅಕ್ಷರವೊಂದು, ಹೀಗೆ ಸಾಲುಗಟ್ಟಿ ನಿಲ್ಲುತ್ತವೆ. ಅಂಥ ಪುಟಗಳನ್ನು ಕಂಡ ತೆಲುಗು ಹುಡುಗ ಅದು ವೈರಸ್ಸಿನ ಹಾವಳಿಯೆಂದು ಭಾವಿಸಿದ. ಕನ್ನಡ ಬಲ್ಲ ಹುಡುಗನಾಗಿದ್ದರೂ, ಹಳೆಯ ಫಾಂಟುಗಳ ಪರಿಚಯವಿಲ್ಲದಿದ್ದರೆ, ಹಾಗೆಯೇ ಭಾವಿಸುತ್ತಿದ್ದನೇನೋ. ಆದರೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಆಗಿದ್ದರೆ ಅಂಗಡಿಯಲ್ಲಿ ಯಾರಾದರೊಬ್ಬರು "ಇದು ನುಡಿ ಫಾಂಟು" ಎಂದು ಹೇಳುವ ಸಂಭವವಿತ್ತು. ಇಲ್ಲಿ ಅದನ್ನು ಹೇಳಬೇಕಾಗಿದ್ದವರು ನಾವೇ.

ಈಗ ಶುಚಿಕಾರ್ಯದ ವಿಷಯಕ್ಕೆ ಬರೋಣ. ಆ್ಯಂಟಿವೈರಸ್ ತಂತ್ರಾಂಶವು ಅಪಾಯ ನಿವಾರಣೆಯಾಯಿತೆಂದು ಹಸಿರು ಗುರುತು ತೋರಿಸಿದೊಡನೆ ಕೆಲಸ ಮುಗಿಯಿತೆಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಅಲ್ಲಿಗೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ನಮ್ಮನ್ನು ಕಾಡಿದ ಶಾರ್ಟ್‌ಕಟ್ ವೈರಸ್ಸನ್ನೇ ನೋಡಿ. ಅದು ಮೂಲ ಫೋಲ್ಡರುಗಳನ್ನು ಅಳಿಸುವುದಿಲ್ಲ. ಅವುಗಳಿಗೆ 'ಅಡಗಿದ' ಮತ್ತು 'ವ್ಯವಸ್ಥೆಗೆ ಸೇರಿದ' ಎಂಬ ಎರಡು ಲಕ್ಷಣಗಳನ್ನು ಅಂಟಿಸಿ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಅದೇ ಹೆಸರಿನ ಶಾರ್ಟ್‌ಕಟ್ಟನ್ನು ಎದುರಿಗಿಡುತ್ತದೆ. ವೈರಸ್ ಹೋದ ಮೇಲೂ ಫೋಲ್ಡರುಗಳು ಅಡಗಿಯೇ ಇರುತ್ತವೆ. ಎಲ್ಲವೂ ನಾಶವಾಯಿತೆಂದು ಅತ್ತು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಅಲ್ಲಿಯವರೆಗೂ ಸುರಕ್ಷಿತವಾಗಿದ್ದುದನ್ನು ಸ್ವತಃ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ವಿಂಡೋಸ್‌ನ 'ಆಟ್ರಿಬ್' ಎಂಬ ಒಂದು ಆದೇಶದಿಂದ ಆ ಲಕ್ಷಣಗಳನ್ನು ಕಳಚಿದರೆ ಕಡತಗಳೆಲ್ಲ ಮರಳಿ ಕಾಣುತ್ತವೆ.

ಯಂತ್ರ ಶುರುವಾದಾಗಲೆಲ್ಲ ಯಾವುದೋ ಕಡತ ಸಿಗುತ್ತಿಲ್ಲವೆಂಬ ಸಂದೇಶ ಬರುವುದೂ ಇಂಥ ಇನ್ನೊಂದು ಶೇಷ. ಕುತಂತ್ರಾಂಶ ಹೋಗಿದೆ, ಅದನ್ನು ಎಬ್ಬಿಸಲು ಇಟ್ಟಿದ್ದ ಕರೆಗಂಟೆ ಮಾತ್ರ ಟಾಸ್ಕ್ ಶೆಡ್ಯೂಲರಿನಲ್ಲೋ ಆರಂಭದ ಪಟ್ಟಿಯಲ್ಲೋ ಉಳಿದಿದೆ ಎಂದು ಅದರರ್ಥ. ಮೈಕ್ರೋಸಾಫ್ಟಿನವರೇ ಉಚಿತವಾಗಿ ಕೊಡುವ 'ಆಟೋರನ್ಸ್' ಉಪಕರಣದಲ್ಲಿ ಅಂಥ ನಮೂದುಗಳನ್ನು ನೋಡಬಹುದು. ಒಮ್ಮೆಲೇ ಅಳಿಸದೆ ಗುರುತು ತೆಗೆದು ಒಂದೆರಡು ದಿನ ಕಾಯುವುದು ಲೇಸು. ಬ್ರೌಸರಿನಲ್ಲಿ ನಾವು ಹಾಕದ ಎಕ್ಸ್‌ಟೆನ್ಷನ್, ನಾವು ಆರಿಸದ ಮುಖಪುಟ, ನಾವು ಅನುಮತಿ ಕೊಟ್ಟ ನೆನಪಿಲ್ಲದ ನೋಟಿಫಿಕೇಷನ್‌ಗಳಿದ್ದರೆ ಅವನ್ನೂ, ನೆಟ್‌ವರ್ಕ್ ವ್ಯವಸ್ಥೆಯಲ್ಲಿ ಪ್ರಾಕ್ಸಿ ವಿಳಾಸ ಸೇರಿಕೊಂಡಿದ್ದರೆ ಅದನ್ನೂ ತೆಗೆಯಬೇಕು. ಹಳೆಯ ರಿಸ್ಟೋರ್ ಪಾಯಿಂಟುಗಳಲ್ಲಿ ಕುತಂತ್ರಾಂಶದ ಪ್ರತಿ ಉಳಿದಿರಬಹುದು. ಯಂತ್ರ ಶುದ್ಧವೆಂದು ಖಾತ್ರಿಯಾದ ಮೇಲೆ ಅವನ್ನು ಅಳಿಸಿ, ಹೊಸದೊಂದನ್ನು ನಿರ್ಮಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಯಂತ್ರದ ಹೊರಗೆ ನಡೆಯಬೇಕಾದ ಶುಚಿ. ಇಂದಿನ ಕುತಂತ್ರಾಂಶಗಳಲ್ಲಿ ಹಲವು ಪಾಸ್‌ವರ್ಡುಗಳನ್ನೂ ಲಾಗಿನ್ ಆಗಿರುವ ಖಾತೆಗಳ ಗುರುತುಗಳನ್ನೂ ಕದ್ದು ಕಳುಹಿಸುವಂಥವು. ಕಳ್ಳನನ್ನು ಹೊರಗಟ್ಟಿದ ಮಾತ್ರಕ್ಕೆ ಅವನು ಮಾಡಿಸಿಕೊಂಡ ಬೀಗದಕೈ ನಮ್ಮ ಕೈಗೆ ಮರಳುವುದಿಲ್ಲ. ಸೋಂಕಿಲ್ಲದ ಬೇರೊಂದು ಸಾಧನದಿಂದ ಮೊದಲು ಇಮೇಲಿನ, ಅನಂತರ ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಬೇಕು. ಎಲ್ಲ ಸಾಧನಗಳಿಂದಲೂ ಲಾಗೌಟ್ ಆಗಬೇಕು. ನಮ್ಮ ಅಂಚೆ ಮತ್ತೊಬ್ಬರಿಗೆ ರವಾನೆಯಾಗುವಂತೆ ಇಮೇಲಿನಲ್ಲಿ ಯಾರಾದರೂ ನಿಯಮ ಬರೆದಿಟ್ಟಿದ್ದಾರೆಯೇ ಎಂದು ನೋಡಬೇಕು. ಹಣ ಹೋಗಿರುವುದು ಕಂಡುಬಂದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಇಷ್ಟೆಲ್ಲ ತಾಪತ್ರಯವೇಕೆ, ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರಾಯಿತಲ್ಲ ಎಂದು ಬಲ್ಲವರು ಹೇಳುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅವರ ಮಾತು ಸರಿ. ಆಳಕ್ಕಿಳಿದ ಸೋಂಕಿಗೆ ಅದೇ ಸರಿಯಾದ ಮದ್ದು. ಆದರೆ ಆ ಸಲಹೆಯ ಹಿಂದೆ ಒಂದು ಊಹೆ ಅಡಗಿದೆ. ಮನೆಯವರ ಕಡತಗಳ ನಕಲು ಬೇರೆಲ್ಲೋ ಇದೆ, ಅಥವಾ ಕಳೆದುಕೊಳ್ಳಬಾರದ್ದು ಏನೂ ಇಲ್ಲ ಎಂಬುದು ಆ ಊಹೆ. ನಮ್ಮ ಮನೆಯಲ್ಲಿ ಆ ಎರಡೂ ಸುಳ್ಳಾಗಿದ್ದವು. ಪೂರ್ತಿ ಅಳಿಸುವುದಿದ್ದರೂ ಅದಕ್ಕೆ ಮೊದಲು ಬರಹ, ಚಿತ್ರ, ಧ್ವನಿಯ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಶುದ್ಧ ಯಂತ್ರದಲ್ಲಿ ಪರೀಕ್ಷಿಸಿ ಇಟ್ಟುಕೊಳ್ಳಬೇಕು. ಪ್ರೋಗ್ರಾಂ ಕಡತಗಳನ್ನು ಆ ನಕಲಿನಲ್ಲಿ ಸೇರಿಸಬಾರದು. ಮ್ಯಾಕ್ರೋ ಇರುವ ದಾಖಲೆಗಳನ್ನು ಎಚ್ಚರದಿಂದ ತೆರೆಯಬೇಕು. ನಕಲು ಮೊದಲು, ಅಳಿಸುವುದು ಆಮೇಲೆ. ಈ ಕ್ರಮ ತಿರುವುಮುರುವಾದರೆ ಯಾವ ಜಾಣತನವೂ ನೆರವಿಗೆ ಬರುವುದಿಲ್ಲ.

'ರಿಜಿಸ್ಟ್ರಿ ಕ್ಲೀನರ್' ಮುಂತಾದ ಹೆಸರಿನಲ್ಲಿ ಯಂತ್ರವನ್ನು ಹೊಸದಾಗಿಸುವೆನೆಂದು ಬರುವ ತಂತ್ರಾಂಶಗಳ ಬಗ್ಗೆಯೂ ನಮಗೆ ಒಳ್ಳೆಯ ಮಾತಿಲ್ಲ. ಅಂಥವುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ಅವುಗಳ ಸೋಗಿನಲ್ಲಿಯೇ ಕುತಂತ್ರಾಂಶಗಳು ಬರುವುದೂ ಉಂಟು. ಬೇಕಾದವರಿಗೆ ಭಾರತ ಸರ್ಕಾರವೇ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವಿದೆ. ಸೋಂಕು ತೆಗೆಯುವ ಉಪಕರಣಗಳು ಅಲ್ಲಿ ಉಚಿತವಾಗಿ ಸಿಗುತ್ತವೆ.

ಆ ಕೇಂದ್ರ ಆರಂಭವಾದ ಮೂರೇ ತಿಂಗಳಲ್ಲಿ, 2017ರ ಮೇ 12ರಂದು, ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳ ಯಂತ್ರಗಳನ್ನು ಹಿಡಿಯಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳುವ ತಂತ್ರ ಅದರದು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಯಂತ್ರಗಳೂ ಅದಕ್ಕೆ ಸಿಕ್ಕಿದವು. ಆಗ ಕೊಂಡಪಲ್ಲಿಯನ್ನು ಒಳಗೊಂಡಿದ್ದ ಕೃಷ್ಣಾ ಜಿಲ್ಲೆಯೂ ವಿಶಾಖಪಟ್ಟಣವೂ ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಅದನ್ನು ತಡೆಯಬಲ್ಲ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದೆ ಉಳಿದ ಯಂತ್ರಗಳು ಬಲಿಯಾದವು. ಅಪ್‌ಡೇಟ್ ನಿಂತುಹೋದ ಹಳೆಯ ವಿಂಡೋಸನ್ನು ಇಂಟರ್‌ನೆಟ್‌ಗೆ ಜೋಡಿಸಿ, ಅದರಲ್ಲೇ ಮನೆಯ ಸಾಹಿತ್ಯವನ್ನೆಲ್ಲ ಇಟ್ಟುಕೊಂಡಿರುವವರು ಈ ಪ್ರಸಂಗವನ್ನು ನೆನೆಯಬೇಕು. ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ರಂದು. ವಿಂಡೋಸ್ 10ಕ್ಕೆ ನಿಂತದ್ದು 2025ರ ಅಕ್ಟೋಬರ್ 14ರಂದು.

ಯಂತ್ರದ ಶುಚಿಯ ಬಗ್ಗೆ ಯೋಚಿಸುವಾಗ ನಮಗೆ ನಮ್ಮೂರಿನ ಗೊಂಬೆ ಮಾಡುವವರು ನೆನಪಾಗುತ್ತಾರೆ. ಅವರು ತೆಲ್ಲ ಪೊನಿಕಿ ಎಂಬ ಹಗುರ ಮರವನ್ನು ತಂದು ಒಣಗಿಸಿ, ಕಾಯಿಸಿ, ತೇವವನ್ನೆಲ್ಲ ತೆಗೆದ ಮೇಲೆಯೇ ಕೆತ್ತುತ್ತಾರೆ. ಬಿಡಿ ಭಾಗಗಳನ್ನು ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟಿನ ಸರಿಯಿಂದ ಕೂಡಿಸಿ, ಸುಣ್ಣ ಬಳಿದು, ಕೊನೆಗೆ ಬಣ್ಣ ಹಚ್ಚುತ್ತಾರೆ. ಬಣ್ಣ ಬಿದ್ದ ಮೇಲೆ ಒಳಗಿನ ತೇವ ನೋಡುವವರ ಕಣ್ಣಿಗೆ ತಿಳಿಯುವುದಿಲ್ಲ. ತೇವ ಉಳಿದಿಲ್ಲವೆಂಬುದಕ್ಕೆ ಮಾಡಿದವನ ಶ್ರದ್ಧೆಯೊಂದೇ ಆಧಾರ. ಹಸಿರು ಗುರುತಿನ ಪರದೆಯೂ ಅಂಥ ಬಣ್ಣವೇ. ಒಳಗೆ ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಏನು ಹೋಗಿದೆ ಎಂದು ನಮಗೆ ಗೊತ್ತಾದದ್ದು ಅವ್ವನ ಪ್ರಶ್ನೆಯಿಂದ. ಆ ರಾತ್ರಿಯೇ ಯಂತ್ರವನ್ನು ನಿಲ್ಲಿಸಿದೆವು. ಅಳಿಸಿದ ಕಡತ ಹಾರ್ಡ್ ಡಿಸ್ಕಿನಲ್ಲಿ ತಕ್ಷಣ ನಾಶವಾಗುವುದಿಲ್ಲ. ಅದರ ಜಾಗದಲ್ಲಿ ಬೇರೆ ಏನಾದರೂ ಬರೆಯಲ್ಪಡುವವರೆಗೆ ಉಳಿದಿರುತ್ತದೆ. ಹೊಸ ಬಗೆಯ ಎಸ್‌ಎಸ್‌ಡಿಗಳಲ್ಲಿ ಈ ಅವಕಾಶ ಬಹಳ ಕಡಿಮೆ. ನಮ್ಮದು ಹಳೆಯ ಡಿಸ್ಕಾದದ್ದು ಪುಣ್ಯ. ಅದೇ ಹುಡುಗ, ವಿಷಯ ತಿಳಿದು ಮುಖ ಬಾಡಿಸಿಕೊಂಡು, ಎರಡು ದಿನ ಕುಳಿತು ಸುಮಾರು ಇನ್ನೂರು ಕಡತಗಳನ್ನು ಮರಳಿ ತೆಗೆದ. ಹಣ ಬೇಡವೆಂದ. ಕಡತಗಳ ಹೆಸರುಗಳೆಲ್ಲ ಹೋಗಿ ಬರಿಯ ಸಂಖ್ಯೆಗಳಾಗಿದ್ದವು. ಯಾವ ಹಾಡು ಯಾವುದೆಂದು ಒಂದೊಂದನ್ನೂ ತೆರೆದು ಓದಿಯೇ ತಿಳಿಯಬೇಕಾಯಿತು.

ಹಾಗೆ ಓದುವಾಗಲೇ ಅವನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವನ್ನೂ ಕೈಗೊಂಡೆವು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಅಲ್ಲಿ 'ಕ' ಎಂದರೆ ಯಾವ ದೇಶದ ಯಾವ ಯಂತ್ರದಲ್ಲಿಯೂ 'ಕ'. ಪೌಂಡಿನ ಚಿಹ್ನೆಯ ವೇಷ ಅದಕ್ಕೆ ಬೇಕಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಅವುಗಳ ಫಲಿತಾಂಶವನ್ನೂ ಓದಲೇಬೇಕು. ಅರ್ಕಾವೊತ್ತು ಜಾಗ ತಪ್ಪುವುದುಂಟು. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುವುದುಂಟು. ಎಲ್ಲವೂ ಈಗ ಫೋನಿನಲ್ಲಿದೆ, ಮೋಡದಲ್ಲಿದೆ, ಹಳೆಯ ಯಂತ್ರದ ಗೊಡವೆ ಏಕೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ. ಹಳೆಯ ಫಾಂಟಿನ ಬರಹ ಫೋನಿಗೆ ಬಂದರೂ ಓದಲು ಸಿಗುವುದಿಲ್ಲ. ಯಂತ್ರದೊಂದಿಗೆ ಸದಾ ಸಮನ್ವಯಗೊಳ್ಳುವ ಮೋಡದ ಸಂಗ್ರಹವು ನಮ್ಮ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಅನುಸರಿಸುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅಳಿಸಿದ್ದು ಉಳಿಯುವುದು 30 ದಿನ ಮಾತ್ರ. ತಿಂಗಳಿಗೊಮ್ಮೆ ಜೋಡಿಸಿ, ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿಡುವ ಒಂದು ಡಿಸ್ಕ್ ಮನೆಯಲ್ಲಿರಲೇಬೇಕು.

ಓದಬಲ್ಲವರ ಕೈಗೆ ಸಿಕ್ಕದೆ ಹೋದ ಬರಹದ ಗತಿ ನಮ್ಮ ಭಾಷೆಗೆ ಹೊಸದಲ್ಲ. ಅರ್ಥವಾಗದ ತಾಳೆಗರಿಗಳನ್ನು ಹೊಳೆಗೆ ಬಿಟ್ಟ, ಒಲೆಗೆ ಹಾಕಿದ ಮನೆಗಳ ಕಥೆಯನ್ನು ಹಿರಿಯರಿಂದ ಕೇಳಿದ್ದೇವೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು, ಓಲೆಗರಿಗಳನ್ನು ಬಿಚ್ಚಿ ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚುಮಾಡಿಸಿದ್ದರಿಂದಾಗಿ ಎಷ್ಟೋ ವಚನಗಳು ನಮಗೆ ದಕ್ಕಿದವು. ಅವ್ವನ ಹಾಡುಗಳನ್ನು ವಚನಗಳ ಸಾಲಿನಲ್ಲಿ ಕೂರಿಸುವ ಹುಂಬತನ ನಮಗಿಲ್ಲ. ಆದರೆ ಓಲೆಗರಿಗೆ ಅನ್ವಯಿಸಿದ ನಿಯಮ ಡಿಸ್ಕಿಗೂ ಅನ್ವಯಿಸುತ್ತದೆ. ಓದಲಾಗದವನಿಗೆ ಅದು ಕಸವಾಗಿ ಕಾಣುತ್ತದೆ. ಹೊರನಾಡಿನ ಕನ್ನಡ ಮನೆಗಳಲ್ಲಿ ಓದಬಲ್ಲವರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದೆ ಎಂಬುದು ನಮಗೆಲ್ಲ ತಿಳಿದ ನೋವು.

ಆದ್ದರಿಂದ ಹೊರನಾಡಿನ ಕನ್ನಡ ಸಂಘಗಳಿಗೆ ನಮ್ಮದೊಂದು ವಿನಂತಿ. ರಾಜ್ಯೋತ್ಸವಕ್ಕೆ ಹಾಡು, ಕುಣಿತ, ಊಟಗಳಿಗಾಗಿ ಸೇರುವ ನಾವು ವರ್ಷಕ್ಕೆ ಒಂದು ಭಾನುವಾರ ಹಳೆಯ ಡಿಸ್ಕುಗಳನ್ನು ಹಿಡಿದು ಸೇರೋಣ. ತಂತ್ರಜ್ಞಾನ ಬಲ್ಲ ಕಿರಿಯರು ಕುತಂತ್ರಾಂಶವನ್ನು ನೋಡಿಕೊಳ್ಳಲಿ. 'ನುಡಿ', 'ಬರಹ'ಗಳನ್ನು ಬಲ್ಲ ಹಿರಿಯರು ಕಡತಗಳನ್ನು ಓದಲಿ. ಒಬ್ಬರಿಗೆ ಅಳಿಸಲು ಗೊತ್ತು, ಇನ್ನೊಬ್ಬರಿಗೆ ಓದಲು ಗೊತ್ತು. ಇಬ್ಬರೂ ಒಂದೇ ಮೇಜಿಗೆ ಬಾರದೆ ಮನೆಯ ಯಂತ್ರ ಶುಚಿಯಾಗುವುದಿಲ್ಲ.

ಸಿಗದೆ ಹೋದ ನೂರು ಹಾಡುಗಳಲ್ಲಿ ನಲವತ್ತರಷ್ಟನ್ನು ಅವ್ವ ಮತ್ತೆ ಹಾಡಿದ್ದಾಳೆ. ನಾವು ಯೂನಿಕೋಡಿನಲ್ಲಿ ಬರೆದುಕೊಂಡಿದ್ದೇವೆ, ಧ್ವನಿಯನ್ನೂ ಹಿಡಿದಿಟ್ಟಿದ್ದೇವೆ. ಉಳಿದವುಗಳ ಮೊದಲ ಸಾಲು ಸಿಕ್ಕಿದರೆ ಎರಡನೆಯದು ಅವಳಿಗೆ ಸಿಗುತ್ತಿಲ್ಲ. "ನಿಮ್ಮಪ್ಪ ಬರದಿಟ್ಟಾನಲ್ಲ ಅಂತ ನಾ ಮರ್ತೆ" ಎನ್ನುತ್ತಾಳೆ. ದುರಸ್ತಿ ಅಂಗಡಿಯ ಹುಡುಗ ಈಗ ವಿಚಿತ್ರ ಅಕ್ಷರಗಳ ಕಡತ ಯಾರ ಯಂತ್ರದಲ್ಲಿ ಕಂಡರೂ ಮೊದಲು ನಮಗೆ ಫೋನ್ ಮಾಡಿ ಕೇಳುತ್ತಾನೆ. ಕಳೆದ ತಿಂಗಳು ಹಾಗೆ ಕೇಳಿದ ಒಂದು ಕಡತ ನಿಜಕ್ಕೂ ಕೆಟ್ಟದ್ದೇ ಆಗಿತ್ತು. ನೋಡಿ, ಓದಿ, ಆಮೇಲೆ ತೆಗೆದುಬಿಡು ಎಂದೆವು.